ವಿಡಿಯೋ ರೌಟರ್‌ಗೆ ಸೀರಿಯಲ್ ಮತ್ತು ನೆಟ್‌ವರ್ಕ್ ಕಂಟ್ರೋಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಟಿವಿ ಸ್ಟುಡಿಯೋ, ಓಬಿ ವ್ಯಾನ್ (ಹೊರಾಂಗಣ ಪ್ರಸಾರದ ವಾಹನ), ಕಾಲೇಜು ಆಡಿಟೋರಿಯಂ, ಕಂಟ್ರೋಲ್ ರೂಮ್ ಎಲ್ಲ ಕಡೆಯೂ ವಿಡಿಯೋ ರೌಟರ್ ಇರುತ್ತದೆ. ಅದರ ಮುಂಬದಿಯ ಗುಂಡಿ ಒತ್ತಿ ಕೆಲಸ ಮಾಡುವವರೆಗೆ ತೊಂದರೆಯಿಲ್ಲ. ಕಂಪ್ಯೂಟರಿನಿಂದಲೋ ಆಟೋಮೇಶನ್‌ನಿಂದಲೋ ಅದನ್ನು ಆಳಲು ಹೊರಟಾಗ ಪ್ರಶ್ನೆಗಳು ಶುರುವಾಗುತ್ತವೆ. ಅದಕ್ಕೆ ದಾರಿ ಎರಡು: ತಂತಿಯಲ್ಲಿ ಒಂದೊಂದೇ ಬಿಟ್ ಸಾಲಾಗಿ ಕಳಿಸುವ ಸೀರಿಯಲ್, ಇಲ್ಲವೇ ನೆಟ್‌ವರ್ಕ್. ಉದಾಹರಣೆಗಳಿಗೆ ಇಲ್ಲಿ ನಾಲ್ಕು ಪ್ರೋಟೋಕಾಲ್ (ರೌಟರ್ ಜೊತೆ ಮಾತಾಡುವ ಭಾಷೆ) ಬಳಸಿದ್ದೇವೆ: ಎಕ್ಸ್‌ಟ್ರಾನ್‌ನ ಎಸ್‌ಐಎಸ್, ಬ್ಲ್ಯಾಕ್‌ಮ್ಯಾಜಿಕ್‌ನ ವಿಡಿಯೋಹಬ್, ಕ್ರೇಮರ್‌ನ ಪ್ರೋಟೋಕಾಲ್ 2000, ಮತ್ತು ಪ್ರಸಾರ ಕೇಂದ್ರಗಳಲ್ಲಿ ಬಳಕೆಯಲ್ಲಿರುವ ಎಸ್‌ಡಬ್ಲ್ಯೂ-ಪಿ-08. ಕೊನೆಯದು ಪ್ರೋಬೆಲ್ ಕಂಪನಿಯದು. ಆ ಕಂಪನಿ 2009ರಲ್ಲಿ ಸ್ನೆಲ್ ಅಂಡ್ ವಿಲ್ಕಾಕ್ಸ್ ಜೊತೆ ಸೇರಿಹೋಯಿತು, ಆಮೇಲೂ ಕೈ ಬದಲಾಯಿತು. ಪ್ರೋಟೋಕಾಲ್ ಮಾತ್ರ ಬೇರೆ ಬೇರೆ ಕಂಪನಿಗಳ ರೌಟರ್‌ಗಳಲ್ಲಿ ಇಂದಿಗೂ ಉಳಿದಿದೆ.

ರೌಟರ್ ಅಂದರೆ ವೈಫೈ ರೌಟರ್ ಅಲ್ಲವೇ? ಸ್ವಿಚರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಹೆಸರು ಒಂದೇ, ಪೆಟ್ಟಿಗೆ ಬೇರೆ. ವಿಡಿಯೋ ರೌಟರ್‌ಗೆ ಮ್ಯಾಟ್ರಿಕ್ಸ್ ಎಂದೂ ಹೇಳುತ್ತಾರೆ. ಯಾವ ಇನ್‌ಪುಟ್ ಬೇಕಾದರೂ ಯಾವ ಔಟ್‌ಪುಟ್‌ಗೆ ಬೇಕಾದರೂ ಕೊಡಬಹುದು, ಒಂದೇ ಇನ್‌ಪುಟ್ ಅನ್ನು ಹತ್ತು ಔಟ್‌ಪುಟ್‌ಗೂ ಹಂಚಬಹುದು. ಒಂದು ಔಟ್‌ಪುಟ್‌ಗೆ ಮಾತ್ರ ಒಂದು ಹೊತ್ತಿಗೆ ಒಂದೇ ಇನ್‌ಪುಟ್. ಈ ಜೋಡಣೆಗೆ ಕ್ರಾಸ್‌ಪಾಯಿಂಟ್ ಎನ್ನುತ್ತಾರೆ. ಪ್ರೊಡಕ್ಷನ್ ಸ್ವಿಚರ್ ಚಿತ್ರಗಳನ್ನು ಬೆರೆಸುತ್ತದೆ: ಮಿಕ್ಸ್, ವೈಪ್, ಕೀ. ರೌಟರ್ ಬೆರೆಸುವುದಿಲ್ಲ, ದಾರಿ ಮಾಡಿಕೊಡುತ್ತದೆ ಅಷ್ಟೇ.

ಸೀರಿಯಲ್ ಹಾಕಿಸೋಣವೇ, ನೆಟ್‌ವರ್ಕ್ ಹಾಕಿಸೋಣವೇ?

ಒಂದು ಕಂಟ್ರೋಲರ್, ಒಂದು ರೌಟರ್, ಎರಡೂ ಒಂದೇ ರ‍್ಯಾಕ್‌ನಲ್ಲಿದ್ದರೆ ಸೀರಿಯಲ್ ಸಾಕು. ಐಪಿ ವಿಳಾಸದ ಗೊಂದಲವಿಲ್ಲ, ಆ ತಂತಿಯಲ್ಲಿ ಇನ್ನೊಬ್ಬರ ಸಂಚಾರವೂ ಇಲ್ಲ. ನಾಲ್ಕೈದು ಕಡೆಯಿಂದ ನಿಯಂತ್ರಿಸಬೇಕಾದರೆ, ಅಥವಾ ರೌಟರ್‌ನ ಸ್ಥಿತಿ ಎಲ್ಲ ಪ್ಯಾನಲ್‌ಗಳಲ್ಲೂ ಕಾಣಬೇಕಾದರೆ ನೆಟ್‌ವರ್ಕ್ ಬೇಕು. ಎರಡೂ ಪೋರ್ಟ್ ಇರುವ ರೌಟರ್‌ನಲ್ಲಿ ದಿನದ ಕೆಲಸಕ್ಕೆ ನೆಟ್‌ವರ್ಕ್ ಇಟ್ಟುಕೊಂಡು, ತುರ್ತಿಗೆ ಸೀರಿಯಲ್ ಕೇಬಲ್ ಎಳೆದು ಪರೀಕ್ಷಿಸಿ ಲೇಬಲ್ ಹಚ್ಚಿಡುವುದು ನಮ್ಮ ಸಲಹೆ. ನೆಟ್‌ವರ್ಕ್ ಸ್ವಿಚ್ ಕೆಟ್ಟ ದಿನ ಆ ಕೇಬಲ್ ಹುಡುಕುತ್ತ ಕೂರುವ ಹಾಗೆ ಆಗಬಾರದು.

ಸೀರಿಯಲ್‌ನ ಎರಡು ಬಗೆಯಾದ ಆರ್‌ಎಸ್-232 ಮತ್ತು ಆರ್‌ಎಸ್-422 ಎರಡೂ 9 ಪಿನ್ ಕನೆಕ್ಟರೇ. ಒಂದರ ಬದಲು ಇನ್ನೊಂದು ಚುಚ್ಚಬಹುದೇ?

ಬೇಡ. ಆರ್‌ಎಸ್-232ರಲ್ಲಿ ಸಿಗ್ನಲ್ ಅನ್ನು ಗ್ರೌಂಡ್‌ಗೆ ಹೋಲಿಸಿ ಓದುತ್ತಾರೆ. 3ರಿಂದ 15 ವೋಲ್ಟ್ ಪಾಸಿಟಿವ್ ಒಂದು ಅರ್ಥ, ಅಷ್ಟೇ ನೆಗೆಟಿವ್ ಇನ್ನೊಂದು. ಸಾಮಾನ್ಯವಾಗಿ 15 ಮೀಟರ್‌ವರೆಗೆ ನಂಬಬಹುದು. ಆರ್‌ಎಸ್-422ರಲ್ಲಿ ಪ್ರತಿ ದಿಕ್ಕಿಗೂ ಎರಡು ತಂತಿ, ಅವುಗಳ ನಡುವಿನ ವ್ಯತ್ಯಾಸವೇ ಸಿಗ್ನಲ್. ತಂತಿಗೆ ತಗುಲುವ ಗದ್ದಲ ಎರಡರ ಮೇಲೂ ಸಮನಾಗಿ ಬೀಳುವುದರಿಂದ ಕಳೆದಾಗ ಹೊರಟುಹೋಗುತ್ತದೆ. ಆದ್ದರಿಂದಲೇ ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೂ ಓಡುತ್ತದೆ. ಆದರೆ ಜೋಡಿ ತಂತಿ ಹೆಣೆದದ್ದೇ ಆಗಿರಬೇಕು. ಪ್ಲಸ್ ಒಂದು ಜೋಡಿಯಲ್ಲಿ, ಮೈನಸ್ ಇನ್ನೊಂದು ಜೋಡಿಯಲ್ಲಿ ಹೋದರೆ ಆ ಲಾಭವೆಲ್ಲ ಹೋಯಿತು.

ಮೈಕ್ರೋಕಂಟ್ರೋಲರ್ ಬೋರ್ಡ್ ಬಳಸುವವರು ಗಮನಿಸಿ: ಅದರ 3.3 ಅಥವಾ 5 ವೋಲ್ಟ್ ಸೀರಿಯಲ್ ಪಿನ್ ಆರ್‌ಎಸ್-232 ಅಲ್ಲ. ವೋಲ್ಟೇಜೂ ಬೇರೆ, ಮಟ್ಟಗಳೂ ತಲೆಕೆಳಗು. ನಡುವೆ ಮ್ಯಾಕ್ಸ್232 ಮಾದರಿಯ ಚಿಪ್ ಇರಲೇಬೇಕು. ನೇರ ಜೋಡಿಸಿದರೆ ಬೋರ್ಡ್ ಸುಟ್ಟೀತು.

ಆರ್‌ಎಸ್-232 ಕೇಬಲ್ ನೇರವಾಗಿರಬೇಕೋ, ಕ್ರಾಸ್ ಆಗಿರಬೇಕೋ? ಮ್ಯಾನ್ಯುಯಲ್ ಕಳೆದುಹೋಗಿದೆ.

ಮಲ್ಟಿಮೀಟರ್ ಇದ್ದರೆ ಮ್ಯಾನ್ಯುಯಲ್ ಬೇಕಿಲ್ಲ. ಕಂಪ್ಯೂಟರಿನ 9 ಪಿನ್ ಪೋರ್ಟ್‌ನಲ್ಲಿ 2 ಸ್ವೀಕರಿಸುವ ಪಿನ್, 3 ಕಳಿಸುವ ಪಿನ್, 5 ಗ್ರೌಂಡ್. ರೌಟರ್ ಕಡೆ ಯಾವುದು ಕಳಿಸುವ ಪಿನ್ ಎಂದು ಹೀಗೆ ಕಂಡುಹಿಡಿಯಿರಿ:

ರೌಟರ್ ಆನ್ ಮಾಡಿ, ಸೀರಿಯಲ್ ಕೇಬಲ್ ಬಿಚ್ಚಿ. ಮೀಟರ್ ಡಿಸಿ 20 ವೋಲ್ಟ್‌ಗೆ ಇಡಿ. ಕಪ್ಪು ಪ್ರೋಬ್ ಪಿನ್ 5ಕ್ಕೆ, ಕೆಂಪು ಪ್ರೋಬ್ ಮೊದಲು ಪಿನ್ 2ಕ್ಕೆ, ಆಮೇಲೆ 3ಕ್ಕೆ. ಸುಮ್ಮನಿರುವ ಕಳಿಸುವ ಪಿನ್ ನೆಗೆಟಿವ್ ವೋಲ್ಟೇಜ್ ತೋರಿಸುತ್ತದೆ, ಹೆಚ್ಚಾಗಿ ಮೈನಸ್ 5ರಿಂದ ಮೈನಸ್ 12ರ ಒಳಗೆ. ಸ್ವೀಕರಿಸುವ ಪಿನ್ ಸೊನ್ನೆಯ ಹತ್ತಿರ ಇರುತ್ತದೆ. ರೌಟರ್ 2ರಲ್ಲಿ ಕಳಿಸುತ್ತಿದ್ದರೆ ನೇರ ಕೇಬಲ್, 3ರಲ್ಲಿ ಕಳಿಸುತ್ತಿದ್ದರೆ 2 ಮತ್ತು 3 ಅದಲುಬದಲಾದ ನಲ್ ಮೋಡೆಮ್ ಕೇಬಲ್. ಎರಡೂ ಪಿನ್ ಸೊನ್ನೆ ತೋರಿಸಿದರೆ ಆ ಪೋರ್ಟ್ ಆರ್‌ಎಸ್-422 ಇರಬಹುದು, ಅಥವಾ ಡ್ರೈವರ್ ಚಿಪ್ ಸತ್ತಿರಬಹುದು.

ಸ್ಕ್ರೂ ಟರ್ಮಿನಲ್ ಇರುವ ಮಾದರಿಗಳಲ್ಲಿ ನಿಯಮ ಇನ್ನೂ ಸರಳ: ಇವರ ಕಳಿಸುವ ತಂತಿ ಅವರ ಸ್ವೀಕರಿಸುವ ತುದಿಗೆ, ಅವರದು ಇವರಿಗೆ, ಗ್ರೌಂಡ್ ಗ್ರೌಂಡ್‌ಗೆ. ಮೂರೇ ತಂತಿ.

ಆರ್‌ಎಸ್-422ರ ಪಿನ್‌ಗಳು ಯಾವುವು?

ಪ್ರಸಾರ ಉಪಕರಣಗಳಲ್ಲಿ ರೂಢಿಯಲ್ಲಿರುವ ಜೋಡಣೆಯ ಪ್ರಕಾರ, ನಿಯಂತ್ರಣಕ್ಕೆ ಒಳಗಾಗುವ ಉಪಕರಣದಲ್ಲಿ ಪಿನ್ 2 ಕಳಿಸುವ ಮೈನಸ್, 7 ಕಳಿಸುವ ಪ್ಲಸ್, 8 ಸ್ವೀಕರಿಸುವ ಮೈನಸ್, 3 ಸ್ವೀಕರಿಸುವ ಪ್ಲಸ್. 1 ಮತ್ತು 9 ಚಾಸಿಗೆ, 4 ಮತ್ತು 6 ಗ್ರೌಂಡ್‌ಗೆ. ಕಂಟ್ರೋಲರ್ ಕಡೆ ಇದೇ ಪಿನ್‌ಗಳ ಕೆಲಸ ತಿರುಗುಮುರುಗು, ಹಾಗಾಗಿ ನಡುವೆ ನೇರ ಕೇಬಲ್ ಸಾಕು. ಎಲ್ಲ ತಯಾರಕರೂ ಈ ಜೋಡಣೆಯನ್ನೇ ಅನುಸರಿಸುವುದಿಲ್ಲ. ಯುಎಸ್‌ಬಿ ಕನ್ವರ್ಟರ್‌ಗಳಲ್ಲಂತೂ ಒಬ್ಬೊಬ್ಬರದು ಒಂದೊಂದು, ಡಬ್ಬದ ಮೇಲಿನ ಚಿತ್ರ ನೋಡಿಯೇ ಬೆಸುಗೆ ಹಾಕಿ.

ಪ್ಲಸ್ ಮೈನಸ್ ಅದಲುಬದಲಾದರೆ ಬರೇ ಕಸ ಅಕ್ಷರ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಸುಡುವುದಿಲ್ಲ. ಆದ್ದರಿಂದ ಸಂಶಯವಿದ್ದಾಗ ಒಂದು ಜೋಡಿಯನ್ನು ತಿರುಗಿಸಿ ನೋಡಲು ಹೆದರಬೇಕಿಲ್ಲ. ಉದ್ದದ ಕೇಬಲ್ ಆದರೆ ಸ್ವೀಕರಿಸುವ ತುದಿಯಲ್ಲಿ ಪ್ಲಸ್-ಮೈನಸ್ ನಡುವೆ 100ರಿಂದ 120 ಓಮ್ ರೆಸಿಸ್ಟರ್ ಹಾಕಿ.

ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ಯಾವುದು ತರಬೇಕು?

ಎಫ್‌ಟಿಡಿಐ ಕಂಪನಿಯ ಚಿಪ್‌ನದು ತನ್ನಿ. ಅಗ್ಗದ ಕನ್ವರ್ಟರ್‌ಗಳಲ್ಲಿ ನಕಲಿ ಚಿಪ್ ಇರುವುದು ಸಾಮಾನ್ಯ. ವಿಂಡೋಸ್ ಡ್ರೈವರ್ ಅಪ್‌ಡೇಟ್ ಆದ ಮರುದಿನ ಪೋರ್ಟ್ ಮಾಯವಾಗಿ ಕೋಡ್ 10 ದೋಷ ಕಾಣಿಸಿಕೊಳ್ಳುವುದು ಇಂಥವುಗಳಲ್ಲೇ.

ಎಫ್‌ಟಿಡಿಐನಲ್ಲಿ ಒಂದು ಸೂಕ್ಷ್ಮವಿದೆ. ಅದರ ಡ್ರೈವರ್ ಸಣ್ಣ ಉತ್ತರಗಳನ್ನು ಒಟ್ಟುಗೂಡಿಸಲೆಂದು 16 ಮಿಲಿಸೆಕೆಂಡ್ ಕಾಯುತ್ತದೆ. ರೌಟರ್‌ನ ಉತ್ತರ ಹತ್ತಿಪ್ಪತ್ತು ಅಕ್ಷರವಷ್ಟೇ, ಆದ್ದರಿಂದ ಪ್ರತಿ ಉತ್ತರವೂ ಅಷ್ಟು ತಡ. ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟ್‌ನ ಅಡ್ವಾನ್ಸ್ಡ್ ಸೆಟಿಂಗ್‌ಗೆ ಹೋಗಿ ಲೇಟೆನ್ಸಿ ಟೈಮರ್ ಅನ್ನು 1ಕ್ಕೆ ಇಳಿಸಿ. ಕಾಮ್ ನಂಬರನ್ನೂ ಅಲ್ಲೇ ಕಾಯಂ ಮಾಡಿ. ಕನ್ವರ್ಟರ್ ಅನ್ನು ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದ ಮಾತ್ರಕ್ಕೆ ಕಾಮ್ 3 ಹೋಗಿ ಕಾಮ್ 7 ಆದರೆ ಸಾಫ್ಟ್‌ವೇರ್‌ಗೆ ರೌಟರ್ ಸಿಗುವುದಿಲ್ಲ.

ಬಾಡ್ ರೇಟ್ (ಸೀರಿಯಲ್ ವೇಗ) ಎಷ್ಟು ಇಡಬೇಕು?

ಎಕ್ಸ್‌ಟ್ರಾನ್ ಎಸ್‌ಐಎಸ್ ಮತ್ತು ಕ್ರೇಮರ್ ಪ್ರೋಟೋಕಾಲ್ 2000ಕ್ಕೆ ಸಾಮಾನ್ಯವಾಗಿ 9600, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಎಸ್‌ಡಬ್ಲ್ಯೂ-ಪಿ-08ಗೆ ರೂಢಿಯ ವೇಗ 38400. ಫ್ಲೋ ಕಂಟ್ರೋಲ್ (ಕಳಿಸುವ ಮೊದಲು ಅನುಮತಿ ಕೇಳುವ ಏರ್ಪಾಡು) ಎಲ್ಲ ಕಡೆ ಆಫ್. ಟರ್ಮಿನಲ್ ತಂತ್ರಾಂಶಗಳಲ್ಲಿ ಅದು ಆನ್ ಆಗಿ ಬಂದಿರುವುದುಂಟು. ಹಾಗಿದ್ದರೆ ಮೂರು ತಂತಿಯ ಕೇಬಲ್‌ನಲ್ಲಿ ಕಂಪ್ಯೂಟರ್ ಅನುಮತಿಗಾಗಿ ಕಾಯುತ್ತಾ ಒಂದಕ್ಷರವನ್ನೂ ಕಳಿಸುವುದಿಲ್ಲ.

ಕಸ ಅಕ್ಷರಗಳು ಬಂದರೆ ಬೇಸರ ಬೇಡ, ಅದು ಒಳ್ಳೆಯ ಸೂಚನೆ. ತಂತಿಯಲ್ಲಿ ಡೇಟಾ ಬರುತ್ತಿದೆ, ವೇಗ ಅಥವಾ ಪ್ಯಾರಿಟಿ ತಪ್ಪು, ಆರ್‌ಎಸ್-422 ಆದರೆ ಪ್ಲಸ್ ಮೈನಸ್ ಅದಲುಬದಲಾಗಿರಲೂಬಹುದು ಎಂದರ್ಥ.

ಎಲ್ಲ ಸರಿ ಮಾಡಿದ್ದೇವೆ, ಆದರೂ ರೌಟರ್ ಮೌನ. ಎಲ್ಲಿಂದ ಹುಡುಕಬೇಕು?

ಕಂಪ್ಯೂಟರಿನಿಂದ ರೌಟರ್ ಕಡೆಗೆ ಒಂದೊಂದೇ ಹೆಜ್ಜೆ. ಮೊದಲು ಕಂಟ್ರೋಲ್ ಸಾಫ್ಟ್‌ವೇರ್ ಮುಚ್ಚಿ, ಏಕೆಂದರೆ ಒಂದು ಸೀರಿಯಲ್ ಪೋರ್ಟ್ ಅನ್ನು ಎರಡು ಪ್ರೋಗ್ರಾಂ ಏಕಕಾಲಕ್ಕೆ ತೆರೆಯಲಾಗದು. ಪುಟ್ಟಿಯಂಥ ಟರ್ಮಿನಲ್ ತೆರೆದು, ಲೋಕಲ್ ಎಕೋ ಆಫ್ ಮಾಡಿ, ಕನ್ವರ್ಟರ್‌ನ ಪಿನ್ 2 ಮತ್ತು 3ನ್ನು ಒಂದು ತಂತಿಯಿಂದ ಶಾರ್ಟ್ ಮಾಡಿ. ಟೈಪ್ ಮಾಡಿದ್ದು ಪರದೆಯ ಮೇಲೆ ಮೂಡಿದರೆ ಕಂಪ್ಯೂಟರ್ ಮತ್ತು ಕನ್ವರ್ಟರ್ ಸರಿ. ಈಗ ಕೇಬಲ್ ಹಾಕಿ, ಅದರ ಇನ್ನೊಂದು ತುದಿಯಲ್ಲಿ ಇದೇ ಶಾರ್ಟ್ ಮಾಡಿ ನೋಡಿ. ಅಲ್ಲೂ ಅಕ್ಷರ ಮರಳಿದರೆ ಕೇಬಲ್ ಸರಿ. ಆರ್‌ಎಸ್-422 ಆದರೆ ಕಳಿಸುವ ಪ್ಲಸ್ ಅನ್ನು ಸ್ವೀಕರಿಸುವ ಪ್ಲಸ್‌ಗೆ, ಮೈನಸ್ ಅನ್ನು ಮೈನಸ್‌ಗೆ ಸೇರಿಸಿ.

ಆಮೇಲೆ ರೌಟರ್. ಹಿಂಬದಿಯಲ್ಲಿ 9 ಪಿನ್ ಕನೆಕ್ಟರ್ ನಾಲ್ಕೈದು ಇರಬಹುದು: ಒಂದು ಕಂಟ್ರೋಲ್‌ಗೆ, ಉಳಿದವು ವಿಟಿಆರ್ (ವಿಡಿಯೋ ಟೇಪ್ ರೆಕಾರ್ಡರ್) ಡೆಕ್ ಕಂಟ್ರೋಲ್ ಸಿಗ್ನಲ್‌ಗಳನ್ನು ರೌಟ್ ಮಾಡಲು. ತಪ್ಪು ಕಿಂಡಿಗೆ ಚುಚ್ಚಿರುವುದೇ ಎಷ್ಟೋ ಸಲ ಕಾರಣ. ಎಕ್ಸ್‌ಟ್ರಾನ್‌ನಲ್ಲಿ ಕ್ಯೂ ಅಕ್ಷರ ಒತ್ತಿದರೆ ಫರ್ಮ್‌ವೇರ್ ಆವೃತ್ತಿ ಬರುತ್ತದೆ, ಎಂಟರ್ ಕೂಡ ಬೇಕಿಲ್ಲ. ಸಂಪರ್ಕ ಪರೀಕ್ಷಿಸಲು ಇದಕ್ಕಿಂತ ನಿರಪಾಯದ ಕಮಾಂಡ್ ಇಲ್ಲ, ಆನ್ ಏರ್ ಚಿತ್ರಕ್ಕೆ ಏನೂ ಆಗದು.

3ನೇ ಇನ್‌ಪುಟ್ ಅನ್ನು 5ನೇ ಔಟ್‌ಪುಟ್‌ಗೆ ಕೊಡಬೇಕು. ಕಮಾಂಡ್ ಹೇಗೆ ಬರೆಯುವುದು?

ಈ ಒಂದೇ ಕೆಲಸವನ್ನು ನಾಲ್ಕೂ ಪ್ರೋಟೋಕಾಲ್‌ನಲ್ಲಿ ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ತಪ್ಪುಗಳೆಲ್ಲ ಹುಟ್ಟುವುದು ಇವುಗಳ ನಡುವಿನ ವ್ಯತ್ಯಾಸದಲ್ಲೇ.

ಎಕ್ಸ್‌ಟ್ರಾನ್ ಎಸ್‌ಐಎಸ್:
3*5!
ಮೊದಲು ಇನ್‌ಪುಟ್, ಆಮೇಲೆ ಔಟ್‌ಪುಟ್, ಎಣಿಕೆ 1ರಿಂದ. ಆಶ್ಚರ್ಯ ಚಿಹ್ನೆ ಎಂದರೆ ವಿಡಿಯೋ ಆಡಿಯೋ ಎರಡೂ. ವಿಡಿಯೋ ಮಾತ್ರ ಬೇಕಾದರೆ 3*5% ಮತ್ತು ಆಡಿಯೋ ಮಾತ್ರ ಬೇಕಾದರೆ 3*5$. ಇನ್‌ಪುಟ್ 3ನ್ನು ಎಲ್ಲ ಔಟ್‌ಪುಟ್‌ಗೂ ಕೊಡಲು 3*! ಸಾಕು. ಔಟ್‌ಪುಟ್ 5ನ್ನು ಬಿಡಿಸಲು 0*5! ಎಂದು ಕಳಿಸಿ.

ಬ್ಲ್ಯಾಕ್‌ಮ್ಯಾಜಿಕ್ ವಿಡಿಯೋಹಬ್: ಮೊದಲ ಸಾಲಿನಲ್ಲಿ ವಿಡಿಯೋ ಔಟ್‌ಪುಟ್ ರೂಟಿಂಗ್ ಎಂಬ ಮೂರು ಪದ, ಇಂಗ್ಲಿಷ್ ದೊಡ್ಡ ಅಕ್ಷರಗಳಲ್ಲಿ, ಕೊನೆಗೆ ಕೋಲನ್. ಎರಡನೇ ಸಾಲು:
4 2
ಮೂರನೇ ಸಾಲು ಖಾಲಿ. ಇಲ್ಲಿ ಮೊದಲು ಔಟ್‌ಪುಟ್, ಆಮೇಲೆ ಇನ್‌ಪುಟ್, ಎಣಿಕೆ ಸೊನ್ನೆಯಿಂದ. ಆ ಖಾಲಿ ಸಾಲೇ ಕಮಾಂಡ್ ಮುಗಿಯಿತೆಂಬ ಗುರುತು. ಅದನ್ನು ಮರೆತರೆ ಹಬ್ ಇನ್ನೂ ಏನೋ ಬರುವುದಿದೆ ಎಂದು ಕಾಯುತ್ತಲೇ ಇರುತ್ತದೆ.

ಕ್ರೇಮರ್ ಪ್ರೋಟೋಕಾಲ್ 2000, ಹೆಕ್ಸ್‌ನಲ್ಲಿ (16ರ ಆಧಾರದ ಎಣಿಕೆ) ನಾಲ್ಕು ಬೈಟ್:
01 83 85 81
01 ಎಂದರೆ ವಿಡಿಯೋ ಸ್ವಿಚ್ ಮಾಡು. ನಂತರ ಇನ್‌ಪುಟ್, ಔಟ್‌ಪುಟ್, ಯಂತ್ರದ ನಂಬರ್, ಪ್ರತಿಯೊಂದಕ್ಕೂ ಹೆಕ್ಸ್ 80 ಕೂಡಿಸಿ. ರೌಟರ್ 41 83 85 81 ಎಂದು ಉತ್ತರಿಸುತ್ತದೆ. ಇವು ಬೈಟ್‌ಗಳು. ಟರ್ಮಿನಲ್‌ನಲ್ಲಿ ಅಂಕೆಗಳಾಗಿ ಟೈಪ್ ಮಾಡಿದರೆ ಕೆಲಸವಾಗದು, ಹೆಕ್ಸ್ ಕಳಿಸಬಲ್ಲ ಹರ್ಕ್ಯುಲಿಸ್‌ನಂಥ ತಂತ್ರಾಂಶ ಬೇಕು. ಯಂತ್ರದ ನಂಬರ್ 1 ಅಲ್ಲದೆ ಬೇರೆ ಇದ್ದರೆ ರೌಟರ್ ಈ ಕಮಾಂಡ್ ತನ್ನದಲ್ಲವೆಂದು ಸುಮ್ಮನಿರುತ್ತದೆ.

ಎಸ್‌ಡಬ್ಲ್ಯೂ-ಪಿ-08, ಓದಲು ಸುಲಭವಾಗಲೆಂದು ದಶಮಾನದಲ್ಲಿ:
16 2 — 2 0 0 4 2 — 5 — 243 — 16 3
16 2 ಆರಂಭ, 16 3 ಅಂತ್ಯ. ನಡುವಿನ 2 ಎಂದರೆ ಕ್ರಾಸ್‌ಪಾಯಿಂಟ್ ಜೋಡಿಸು. ನಂತರದ ಸೊನ್ನೆ ಮ್ಯಾಟ್ರಿಕ್ಸ್ ಮತ್ತು ಲೆವೆಲ್ (ವಿಡಿಯೋ, ಆಡಿಯೋದಂಥ ಪದರ), ಇನ್ನೊಂದು ಸೊನ್ನೆ ದೊಡ್ಡ ನಂಬರ್‌ಗಳಿಗೆ ಮೀಸಲು. 4 ಡೆಸ್ಟಿನೇಶನ್ ಅಂದರೆ ಔಟ್‌ಪುಟ್, 2 ಸೋರ್ಸ್ ಅಂದರೆ ಇನ್‌ಪುಟ್, ಎರಡೂ ಸೊನ್ನೆಯಿಂದ ಎಣಿಸಿದ್ದು. 5 ಎಂದರೆ ಡೇಟಾ ಬೈಟ್‌ಗಳ ಸಂಖ್ಯೆ. 243 ಎಂಬುದು ಚೆಕ್‌ಸಮ್, ಸಂದೇಶ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ. ಅದು ಬರುವುದು ಹೀಗೆ: 2, 0, 0, 4, 2, 5 ಕೂಡಿಸಿದರೆ 13, ಅದನ್ನು 256ರಿಂದ ಕಳೆದರೆ 243.

ರೌಟರ್‌ನಿಂದ ಅಕ್ನಾಲೆಜ್ ಬಂತು, ಚಿತ್ರ ಮಾತ್ರ ಬದಲಾಗಲಿಲ್ಲ. ಯಾಕೆ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಿದ್ದರೆ ಇದನ್ನು ಓದಿ. ಅಕ್ನಾಲೆಜ್ ಎಂದರೆ "ನೀವು ಹೇಳಿದ್ದು ಕೇಳಿಸಿತು" ಎಂದಷ್ಟೇ. "ಮಾಡಿದೆ" ಎಂದಲ್ಲ. ಎಸ್‌ಡಬ್ಲ್ಯೂ-ಪಿ-08ರಲ್ಲಿ 16 6 ಬಂದರೆ ಸಂದೇಶ ಕೆಡದೆ ತಲುಪಿದೆ, 16 21 ಬಂದರೆ ಚೆಕ್‌ಸಮ್ ಕೆಟ್ಟಿದೆ, ಮತ್ತೆ ಕಳಿಸಿ. ಕ್ರಾಸ್‌ಪಾಯಿಂಟ್ ನಿಜಕ್ಕೂ ಬದಲಾದರೆ ರೌಟರ್ ಪ್ರತ್ಯೇಕವಾಗಿ 4ನೇ ನಂಬರ್‌ನ ಸಂದೇಶ ಕಳಿಸುತ್ತದೆ. ವಿಡಿಯೋಹಬ್ ಕೂಡ ಕಮಾಂಡ್ ಅರ್ಥವಾದ ಕೂಡಲೇ ಅಕ್ನಾಲೆಜ್ ಕೊಟ್ಟು, ಹೊಸ ಸ್ಥಿತಿಯನ್ನು ಆಮೇಲೆ ಬೇರೆಯಾಗಿ ತಿಳಿಸುತ್ತದೆ.

ಹಾಗಾಗಿ ನಿಮ್ಮ ಸಾಫ್ಟ್‌ವೇರ್‌ನಲ್ಲಿ ಗುಂಡಿ ಒತ್ತಿದಾಗ ಅದು ತಕ್ಷಣ ಹಸಿರಾಗಬಾರದು. ಒತ್ತಿದಾಗ ಮಿನುಗಲಿ, ರೌಟರ್‌ನಿಂದ ಟ್ಯಾಲಿ, ಅಂದರೆ ಬದಲಾಯಿತೆಂಬ ಸಂದೇಶ, ಬಂದ ಮೇಲೆ ಹಸಿರಾಗಲಿ. ಒಂದು ಸೆಕೆಂಡಿನಲ್ಲಿ ಬರದಿದ್ದರೆ ಕೆಂಪಾಗಲಿ. ಯಾವುದು ಎಲ್ಲಿಗೆ ಹೋಗುತ್ತಿದೆ ಎಂಬ ಸತ್ಯ ರೌಟರ್‌ನ ಬಳಿ ಮಾತ್ರ ಇದೆ. ಕಂಪ್ಯೂಟರ್ ತನ್ನದೇ ಒಂದು ಪಟ್ಟಿ ಇಟ್ಟುಕೊಂಡು ಅದನ್ನೇ ನಂಬಿದರೆ, ಯಾರೋ ಮುಂಬದಿಯ ಗುಂಡಿ ಒತ್ತಿದ ಮರುಕ್ಷಣ ಆ ಪಟ್ಟಿ ಸುಳ್ಳಾಗುತ್ತದೆ. ಆಮೇಲೆ ಆಪರೇಟರ್ ಕ್ಯಾಮೆರಾ 2 ಎಂದುಕೊಂಡು ಏರ್‌ಗೆ ಕೊಡುವುದು ಬೇರೇನನ್ನೋ.

ಎಕ್ಸ್‌ಟ್ರಾನ್‌ನಲ್ಲಿ ಉತ್ತರ ಸ್ಪಷ್ಟ: ಔಟ್5 ಇನ್3 ಆಲ್ ಎಂದು ಇಂಗ್ಲಿಷಿನಲ್ಲಿ ಬರುತ್ತದೆ. ತಪ್ಪಾದರೆ ಇ01 ಬರುತ್ತದೆ, ಇನ್‌ಪುಟ್ ನಂಬರ್ ತಪ್ಪು. ಇ10 ಕಮಾಂಡೇ ತಪ್ಪು, ಇ12 ಔಟ್‌ಪುಟ್ ನಂಬರ್ ತಪ್ಪು. ಈಗ ಔಟ್‌ಪುಟ್ 5ರಲ್ಲಿ ಯಾವ ವಿಡಿಯೋ ಇದೆ ಎಂದು ಕೇಳಲು 5% ಕಳಿಸಿ. ಇಲ್ಲೊಂದು ಬಲೆಯಿದೆ. ಬೇರೆಯವರು ಮಾಡಿದ ಬದಲಾವಣೆಯನ್ನು ರೌಟರ್ ತಾನಾಗಿ ತಿಳಿಸಬೇಕಾದರೆ ವರ್ಬೋಸ್ ಮೋಡ್ ಆನ್ ಇರಬೇಕು. ನೆಟ್‌ವರ್ಕ್ ಪೋರ್ಟ್ ಇರುವ ಮಾದರಿಗಳಲ್ಲಿ ಸೀರಿಯಲ್‌ಗೆ ಅದು ಮೊದಲೇ ಆನ್, ಟೆಲ್‌ನೆಟ್‌ಗೆ (ನೆಟ್‌ವರ್ಕ್ ಮೂಲಕದ ಟರ್ಮಿನಲ್ ಸಂಪರ್ಕ) ಆಫ್. ಸೀರಿಯಲ್‌ನಲ್ಲಿ ಚೆನ್ನಾಗಿದ್ದ ಪ್ಯಾನಲ್ ನೆಟ್‌ವರ್ಕ್‌ಗೆ ಬದಲಾಯಿಸಿದ ದಿನದಿಂದ ಹಳೆಯ ಸ್ಥಿತಿಯನ್ನೇ ತೋರಿಸುತ್ತಿದ್ದರೆ ಕಾರಣ ಇದೇ. ಎಸ್ಕೇಪ್ ಅಕ್ಷರ, ಅಂದರೆ ಬೈಟ್ 27, ಅದರ ನಂತರ 1 ಸಿ ವಿ, ಕೊನೆಗೆ ಎಂಟರ್ ಕಳಿಸಿದರೆ ಆನ್ ಆಗುತ್ತದೆ. ಹೊಸ ಸಂಪರ್ಕ ಮಾಡಿದಾಗಲೆಲ್ಲ ಕಳಿಸುವಂತೆ ಪ್ರೋಗ್ರಾಂನಲ್ಲೇ ಬರೆದಿಡಿ.

ಎಲ್ಲ ಔಟ್‌ಪುಟ್‌ಗಳೂ ಕೆಲಸ ಮಾಡುತ್ತಿವೆ, 17ನೆಯದು ಮಾತ್ರ ಇಲ್ಲ. ಕಾರ್ಡ್ ಬದಲಾಯಿಸಿದರೂ ಅಷ್ಟೇ.

ಎಸ್‌ಡಬ್ಲ್ಯೂ-ಪಿ-08 ಬಳಸುತ್ತಿದ್ದೀರಿ, ಡ್ರೈವರ್ ಹೊಸದಾಗಿ ಬರೆದದ್ದು. ಕಾರ್ಡ್ ಸರಿಯಿದೆ.

ಸೊನ್ನೆಯಿಂದ ಎಣಿಸಿದರೆ 17ನೇ ಔಟ್‌ಪುಟ್‌ನ ನಂಬರ್ 16. ಅದೇ 16 ಈ ಪ್ರೋಟೋಕಾಲ್‌ನಲ್ಲಿ ಆರಂಭ-ಅಂತ್ಯದ ಗುರುತು. ಡೇಟಾದ ಒಳಗೆ 16 ಬಂದರೆ ಅದನ್ನು ಎರಡು ಸಲ ಕಳಿಸಬೇಕು: 16 16. ಸ್ವೀಕರಿಸುವಾಗಲೂ ಹಾಗೇ, ಎರಡು ಬಂದರೆ ಒಂದೆಂದು ಓದಬೇಕು. ಬೈಟ್ ಸಂಖ್ಯೆ ಮತ್ತು ಚೆಕ್‌ಸಮ್ ಲೆಕ್ಕ ಹಾಕುವಾಗ ಮಾತ್ರ ಒಂದೇ ಸಲ ಎಣಿಸಿ. ಚೆಕ್‌ಸಮ್‌ನ ಬೆಲೆಯೇ 16 ಆದರೂ ಇದೇ ನಿಯಮ, ಅದು ಯಾವಾಗಲೋ ಒಮ್ಮೆ ಬರುವುದರಿಂದ ಹಿಡಿಯುವುದು ಇನ್ನೂ ಕಷ್ಟ. ಡ್ರೈವರ್ ಪರೀಕ್ಷಿಸುವಾಗ 1, 2, 3 ನೋಡಿ ಬಿಡಬೇಡಿ. ಸೋರ್ಸ್ 17 ಮತ್ತು ಡೆಸ್ಟಿನೇಶನ್ 17 ಎರಡನ್ನೂ ಕಡ್ಡಾಯ ನೋಡಿ. ರೌಟರ್ ದೊಡ್ಡದಿದ್ದರೆ 128 ಮತ್ತು 129ನ್ನೂ ನೋಡಿ, ಅಲ್ಲಿಂದಾಚೆ ನಂಬರ್ ಎರಡು ಬೈಟ್‌ಗಳಿಗೆ ಹಂಚಿಹೋಗುತ್ತದೆ.

ನೆಟ್‌ವರ್ಕ್‌ನಲ್ಲಿ ಮೊದಲ ಸಲ ಜೋಡಿಸುವುದು ಹೇಗೆ?

ರೌಟರ್‌ನ ಐಪಿ ವಿಳಾಸ ತಿಳಿಯಬೇಕು. ಬದಲಾಯಿಸದ ಎಕ್ಸ್‌ಟ್ರಾನ್‌ನಲ್ಲಿ ಸಾಮಾನ್ಯವಾಗಿ 192.168.254.254, ಕ್ರೇಮರ್‌ನಲ್ಲಿ 192.168.1.39. ವಿಡಿಯೋಹಬ್ ಆದರೆ ಯುಎಸ್‌ಬಿ ಕೇಬಲ್ ಹಾಕಿ, ಅದರ ಸೆಟಪ್ ತಂತ್ರಾಂಶದಲ್ಲಿ ವಿಳಾಸ ನೋಡಿ ಬೇಕಾದದ್ದು ಕೊಡಿ. ಲ್ಯಾಪ್‌ಟಾಪ್‌ಗೆ ಅದೇ ಸಾಲಿನ ಬೇರೆ ವಿಳಾಸ ಕೊಡಿ, ಉದಾಹರಣೆಗೆ 192.168.254.10, ಸಬ್‌ನೆಟ್ ಮಾಸ್ಕ್ 255.255.255.0. ವೈಫೈ ಆಫ್ ಮಾಡಿ. ಪಿಂಗ್ ಮಾಡಿ. ಉತ್ತರ ಬಂದ ಮೇಲೆ ಟಿಸಿಪಿ ಪೋರ್ಟ್: ಎಕ್ಸ್‌ಟ್ರಾನ್‌ಗೆ 23, ವಿಡಿಯೋಹಬ್‌ಗೆ 9990, ಕ್ರೇಮರ್‌ಗೆ 5000.

ವಿಡಿಯೋಹಬ್‌ಗೆ ಪುಟ್ಟಿಯಲ್ಲಿ ರಾ ಮೋಡ್ ಆರಿಸಿ 9990ಕ್ಕೆ ಜೋಡಿಸಿ ನೋಡಿ. ನೀವು ಏನೂ ಕೇಳುವ ಮೊದಲೇ ಅದು ಪ್ರೋಟೋಕಾಲ್ ಆವೃತ್ತಿ, ಮಾದರಿ, ಇನ್‌ಪುಟ್-ಔಟ್‌ಪುಟ್ ಹೆಸರುಗಳು, ಲಾಕ್‌ಗಳು, ಈಗಿನ ಎಲ್ಲ ಕ್ರಾಸ್‌ಪಾಯಿಂಟ್‌ಗಳು ಎಲ್ಲವನ್ನೂ ಸುರಿಯುತ್ತದೆ. ನಿಮ್ಮ ಪ್ರೋಗ್ರಾಂ ಇದನ್ನು ಪೂರ್ತಿ ಓದಿದ ಮೇಲೆಯೇ ಕಮಾಂಡ್ ಕಳಿಸಲಿ.

ಕೆಲಸ ಮುಗಿದ ಮೇಲೆ ರೌಟರ್‌ಗೆ ಕಾಯಂ ವಿಳಾಸ ಕೊಡಿ. ವಿಳಾಸವನ್ನು ತಾನಾಗಿ ಹಂಚುವ ಡಿಎಚ್‌ಸಿಪಿಗೆ ಬಿಡಬೇಡಿ.

ರಾತ್ರಿ ಸರಿಯಿತ್ತು, ಬೆಳಿಗ್ಗೆ ಮೊದಲ ಕಮಾಂಡ್ ಹೋಗುವುದಿಲ್ಲ. ಎರಡನೇ ಸಲ ಒತ್ತಿದರೆ ಹೋಗುತ್ತದೆ.

ಸಂಪರ್ಕ ರಾತ್ರಿಯೇ ಕಡಿದಿದೆ, ನಿಮ್ಮ ಕಂಪ್ಯೂಟರ್‌ಗೆ ಗೊತ್ತಾಗಿಲ್ಲ. ಎಕ್ಸ್‌ಟ್ರಾನ್ 5 ನಿಮಿಷ ಮಾತಿಲ್ಲದಿದ್ದರೆ ಟೆಲ್‌ನೆಟ್ ಮುಚ್ಚುತ್ತದೆ, ಈ ಅವಧಿಯನ್ನು ಬದಲಾಯಿಸಬಹುದು. ನಡುವೆ ಫೈರ್‌ವಾಲ್ ಇದ್ದರೆ ಅದೂ ಸುಮ್ಮನಿರುವ ಸಂಪರ್ಕವನ್ನು ಕೈಬಿಡುತ್ತದೆ. ಸಂಪರ್ಕ ಜೀವಂತವಿದೆಯೇ ಎಂದು ನೋಡುವ ಟಿಸಿಪಿಯ ಕೀಪ್ ಅಲೈವ್ ನಂಬಿ ಕೂರಬೇಡಿ. ಲಿನಕ್ಸ್‌ನಲ್ಲಿ ಅದು ಆನ್ ಮಾಡಿದರೂ ಮೊದಲ ಪರೀಕ್ಷೆ ಹೊರಡುವುದು 7200 ಸೆಕೆಂಡ್ ಆದ ಮೇಲೆ, ಅಂದರೆ ಎರಡು ಗಂಟೆ.

ಪರಿಹಾರ: ಪ್ರತಿ 30 ಸೆಕೆಂಡಿಗೊಮ್ಮೆ ನಿರಪಾಯದ ಒಂದು ಪ್ರಶ್ನೆ ಕಳಿಸಿ. ಎಕ್ಸ್‌ಟ್ರಾನ್‌ಗೆ ಕ್ಯೂ ಅಕ್ಷರ. ವಿಡಿಯೋಹಬ್‌ಗೆ ಪಿಂಗ್ ಎಂಬ ತಲೆಸಾಲು, ಕೋಲನ್, ಖಾಲಿ ಸಾಲು. ಎರಡು ಸಲ ಉತ್ತರ ಬರದಿದ್ದರೆ ಸಂಪರ್ಕ ಮುಚ್ಚಿ, ಹೊಸದಾಗಿ ತೆರೆದು, ಇಡೀ ಸ್ಥಿತಿಯನ್ನು ಮತ್ತೆ ಓದಿಸಿ. ಹಳೆಯ ಸಂಪರ್ಕ ಮುಚ್ಚದೆ ಹೊಸದನ್ನು ತೆರೆಯುತ್ತಾ ಹೋದರೆ ರೌಟರ್ ಒಪ್ಪುವ ಸಂಪರ್ಕಗಳ ಮಿತಿ ತುಂಬಿ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ.

ರೌಟರ್ ಆನ್ ಮಾಡಿ ಅರ್ಧ ನಿಮಿಷ ಮಾತ್ರ ಸಿಗುವುದಿಲ್ಲ ಎಂದಾದರೆ ಅದು ಬೇರೆ ಸಮಸ್ಯೆ. ನೆಟ್‌ವರ್ಕ್ ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಸುತ್ತುದಾರಿ ಆಗದಂತೆ ತಡೆಯುವ ಏರ್ಪಾಡು) ಪೋರ್ಟ್ ತೆರೆಯಲು 15 ಸೆಕೆಂಡಿನ ಎರಡು ಹಂತ ತೆಗೆದುಕೊಳ್ಳುತ್ತಿದೆ. ಆ ಪೋರ್ಟ್‌ಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿಸಿ.

ಒಂದೊಂದು ಸಲ ಅರ್ಧ ಉತ್ತರ ಬರುತ್ತದೆ, ಒಂದೊಂದು ಸಲ ಎರಡು ಉತ್ತರ ಅಂಟಿಕೊಂಡು ಬರುತ್ತವೆ.

ಟಿಸಿಪಿ ಇರುವುದೇ ಹಾಗೆ. ನಲ್ಲಿ ನೀರಿನಂತೆ ಹರಿದು ಬರುತ್ತದೆ, ಬಿಂದಿಗೆ ಲೆಕ್ಕ ಇಡುವುದು ನಿಮ್ಮ ಕೆಲಸ. ಬಂದದ್ದನ್ನೆಲ್ಲ ಬಫರ್‌ಗೆ ಸೇರಿಸುತ್ತಾ ಹೋಗಿ, ಕೊನೆಯ ಗುರುತು ಸಿಕ್ಕಾಗ ಮಾತ್ರ ಒಂದು ಸಂದೇಶ ತೆಗೆಯಿರಿ: ಎಕ್ಸ್‌ಟ್ರಾನ್‌ಗೆ ಸಾಲಿನ ಕೊನೆಯ 13 ಮತ್ತು 10, ವಿಡಿಯೋಹಬ್‌ಗೆ ಖಾಲಿ ಸಾಲು, ಕ್ರೇಮರ್‌ಗೆ ನಾಲ್ಕು ಬೈಟ್.

ಹಳೆಯ ರೌಟರ್‌ಗೆ ಸೀರಿಯಲ್ ಮಾತ್ರ ಇದೆ. ನೆಟ್‌ವರ್ಕ್‌ಗೆ ತರಬಹುದೇ?

ಧಾರಾಳವಾಗಿ. ಸೀರಿಯಲ್ ಡಿವೈಸ್ ಸರ್ವರ್ ಎಂಬ ಸಣ್ಣ ಪೆಟ್ಟಿಗೆ ಸಾಕು. ಮೋಕ್ಸಾ ಎನ್‌ಪೋರ್ಟ್ ಆದರೆ ಟಿಸಿಪಿ ಸರ್ವರ್ ಮೋಡ್‌ಗೆ ಇಡಿ. ಮೊದಲ ಸೀರಿಯಲ್ ಪೋರ್ಟ್ 4001ರಲ್ಲಿ, ಎರಡನೆಯದು 4002ರಲ್ಲಿ ಸಿಗುತ್ತದೆ. ಗ್ಲೋಬಲ್ ಕ್ಯಾಷೆಯ ಐಟ್ಯಾಕ್ ಆದರೆ 4999. ನಿಮ್ಮ ಸಾಫ್ಟ್‌ವೇರ್‌ಗೆ ಕಾಮ್ ಪೋರ್ಟ್ ಮಾತ್ರ ಗೊತ್ತಿದ್ದರೆ ಮೋಕ್ಸಾದ ರಿಯಲ್ ಕಾಮ್ ಡ್ರೈವರ್ ಹಾಕಿ.

ಎರಡು ಕಡೆ ಎಡವುತ್ತಾರೆ. ಪೆಟ್ಟಿಗೆಯ ಬಾಡ್ ರೇಟ್ ಮತ್ತು ರೌಟರ್‌ನ ಬಾಡ್ ರೇಟ್ ಹೊಂದಬೇಕು. ನೆಟ್‌ವರ್ಕ್ ಎಷ್ಟೇ ವೇಗವಾಗಿದ್ದರೂ ಸೀರಿಯಲ್ ತುಂಡು 9600ರಲ್ಲೇ ಓಡುತ್ತದೆ. ಇನ್ನೊಂದು, ಇಬ್ಬರು ಕ್ಲೈಂಟ್‌ಗಳಿಗೆ ಏಕಕಾಲಕ್ಕೆ ಅವಕಾಶ ಕೊಟ್ಟರೆ ಅವರ ಬೈಟ್‌ಗಳು ನಡುನಡುವೆ ನುಸುಳಿ ಎರಡೂ ಕಮಾಂಡ್ ಕೆಡಬಹುದು. ಪೋರ್ಟ್‌ಗೆ ಒಬ್ಬರೇ ಕ್ಲೈಂಟ್ ಎಂದು ಇಟ್ಟು, ಉಳಿದವರು ಆ ಒಬ್ಬರ ಮೂಲಕ ಬರುವಂತೆ ಮಾಡಿ.

ಇಬ್ಬರು ಒಂದೇ ಔಟ್‌ಪುಟ್‌ಗೆ ಕಮಾಂಡ್ ಕೊಟ್ಟರೆ?

ಕೊನೆಗೆ ಬಂದದ್ದು ಗೆಲ್ಲುತ್ತದೆ. ಆನ್ ಏರ್ ಔಟ್‌ಪುಟ್‌ಗಳಿಗೆ ಲಾಕ್ ಹಾಕಿ. ವಿಡಿಯೋಹಬ್‌ನಲ್ಲಿ ಲಾಕ್ ಪಟ್ಟಿಯಲ್ಲಿ ಯು ಇದ್ದರೆ ಲಾಕ್ ಇಲ್ಲ, ಓ ಇದ್ದರೆ ನಿಮ್ಮದೇ ಲಾಕ್, ಎಲ್ ಇದ್ದರೆ ಬೇರೆಯವರದು. ಅದು ನಿಮ್ಮನ್ನು ಗುರುತಿಸುವುದು ಐಪಿ ವಿಳಾಸದಿಂದ. ಕಂಟ್ರೋಲ್ ಕಂಪ್ಯೂಟರಿನ ವಿಳಾಸ ಬದಲಾದರೆ ನೀವೇ ಹಾಕಿದ ಲಾಕ್ ನಿಮಗೇ ಪರಕೀಯವಾಗುತ್ತದೆ. ಎಫ್ ಕಳಿಸಿ ಬಲವಂತವಾಗಿ ಬಿಡಿಸಬಹುದು, ಬಿಡಿಸುವ ಮೊದಲು ಪಕ್ಕದ ಕೋಣೆಯವರನ್ನು ಒಂದು ಮಾತು ಕೇಳಿ.

ಕಮಾಂಡ್ ಕೊಟ್ಟು ಚಿತ್ರ ಬದಲಾಗಲು ಎಷ್ಟು ಹೊತ್ತು?

9600 ವೇಗದಲ್ಲಿ ಒಂದು ಅಕ್ಷರಕ್ಕೆ 10 ಬಿಟ್, ಅಂದರೆ ಸೆಕೆಂಡಿಗೆ 960 ಅಕ್ಷರ. 3*5! ಕಳಿಸಲು ಸುಮಾರು 4 ಮಿಲಿಸೆಕೆಂಡ್, ಅದರ 14 ಅಕ್ಷರದ ಉತ್ತರಕ್ಕೆ ಸುಮಾರು 15. ಒಂದು ಕಮಾಂಡ್‌ಗೆ ಇದು ಲೆಕ್ಕಕ್ಕಿಲ್ಲ. 32 ಔಟ್‌ಪುಟ್ ಒಂದೊಂದಾಗಿ ಬದಲಾಯಿಸಿದರೆ ತಂತಿಯಲ್ಲೇ 600 ಮಿಲಿಸೆಕೆಂಡ್ ದಾಟುತ್ತದೆ, ವಿಡಿಯೋ ವಾಲ್‌ನಲ್ಲಿ ಪರದೆಗಳು ಒಂದರ ಹಿಂದೊಂದು ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಇಂಥ ಕಡೆ ಪ್ರೀಸೆಟ್ ಬಳಸಿ: ಎಕ್ಸ್‌ಟ್ರಾನ್‌ನಲ್ಲಿ ಈಗಿನ ಜೋಡಣೆಯನ್ನು 1, ಎಂದು ಕಳಿಸಿ ಉಳಿಸಿ, ಬೇಕಾದಾಗ 1. ಎಂದು ಕಳಿಸಿ ಕರೆಯಿರಿ. ಅಲ್ಪವಿರಾಮಕ್ಕೂ ಬಿಂದುವಿಗೂ ಇರುವ ವ್ಯತ್ಯಾಸ ಗಮನಿಸಿ. ಕರೆಯಲು ಹೋಗಿ ಅಲ್ಪವಿರಾಮ ಒತ್ತಿದರೆ ಹಳೆಯ ಪ್ರೀಸೆಟ್ ಅಳಿಸಿಹೋಗುತ್ತದೆ.

ವೇಗವಾಗಲೆಂದು ಉತ್ತರಕ್ಕೆ ಕಾಯದೆ ಒಂದರ ಮೇಲೊಂದು ಕಮಾಂಡ್ ಸುರಿಯಬೇಡಿ. ರೌಟರ್‌ನ ಸಣ್ಣ ಬಫರ್ ತುಂಬಿ ಮಧ್ಯದ ಕಮಾಂಡ್‌ಗಳು ಸದ್ದಿಲ್ಲದೆ ಕಳೆದುಹೋಗುತ್ತವೆ.

ಸ್ವಿಚ್ ಆಗುವಾಗ ಚಿತ್ರ ಜಿಗಿಯುತ್ತದೆ, ಅಥವಾ ಎರಡು ಸೆಕೆಂಡ್ ಕಪ್ಪಾಗುತ್ತದೆ. ಕಂಟ್ರೋಲ್‌ನ ತಪ್ಪೇ?

ಅಲ್ಲ. ಎಸ್‌ಡಿಐ (ಸ್ಟುಡಿಯೋಗಳ ಡಿಜಿಟಲ್ ವಿಡಿಯೋ ಸಿಗ್ನಲ್) ರೌಟರ್ ಚಿತ್ರ ಜಿಗಿಯದಂತೆ ಬದಲಾಯಿಸಬೇಕಾದರೆ ಅದಕ್ಕೆ ರೆಫರೆನ್ಸ್, ಅಂದರೆ ಎಲ್ಲ ಉಪಕರಣಗಳಿಗೂ ತಾಳ ಕೊಡುವ ಸಿಗ್ನಲ್ ಬೇಕು: ಬ್ಲ್ಯಾಕ್ ಬರ್ಸ್ಟ್ ಅಥವಾ ಟ್ರೈ-ಲೆವೆಲ್ ಸಿಂಕ್. ರೆಫರೆನ್ಸ್ ಇದ್ದಾಗ ಕಮಾಂಡ್ ಯಾವಾಗ ಬಂದರೂ ರೌಟರ್ ಕಾದಿದ್ದು ಚಿತ್ರವಿಲ್ಲದ ಸಾಲಿನಲ್ಲಿ ಬದಲಾಯಿಸುತ್ತದೆ. 625 ಸಾಲಿನ ವ್ಯವಸ್ಥೆಯಲ್ಲಿ ಅದು 6ನೇ ಸಾಲು, 1080ರಲ್ಲಿ 7ನೇ ಸಾಲು. ನಮ್ಮಲ್ಲಿನ 25 ಫ್ರೇಮ್ ಲೆಕ್ಕದಲ್ಲಿ ಕಾಯುವುದು ಹೆಚ್ಚೆಂದರೆ 40 ಮಿಲಿಸೆಕೆಂಡ್. ಇನ್‌ಪುಟ್‌ಗಳೂ ಅದೇ ರೆಫರೆನ್ಸ್‌ಗೆ ಲಾಕ್ ಆಗಿರಬೇಕು, ರೌಟರ್‌ಗೆ ಮಾತ್ರ ಕೊಟ್ಟರೆ ಪ್ರಯೋಜನವಿಲ್ಲ. ಎಚ್‌ಡಿಎಂಐ ಮ್ಯಾಟ್ರಿಕ್ಸ್‌ನಲ್ಲಿ ಪರದೆ ಕಪ್ಪಾಗುವುದು ಟಿವಿ ಮತ್ತು ಸೋರ್ಸ್ ಎಚ್‌ಡಿಸಿಪಿಯನ್ನು (ನಕಲು ತಡೆಯುವ ವ್ಯವಸ್ಥೆ) ಹೊಸದಾಗಿ ಮಾತಾಡಿಕೊಳ್ಳುವುದರಿಂದ.

ಮನೆಯಿಂದ ನಿಯಂತ್ರಿಸಲು ಇಂಟರ್‌ನೆಟ್‌ಗೆ ಪೋರ್ಟ್ ತೆರೆಯಬಹುದೇ?

ಖಂಡಿತ ಬೇಡ. ವಿಡಿಯೋಹಬ್‌ನ 9990ಕ್ಕೆ ಪಾಸ್‌ವರ್ಡೇ ಇಲ್ಲ, ತಲುಪಿದವರೆಲ್ಲ ಯಜಮಾನರು. ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಇದ್ದರೂ ಅದು ಬಯಲಲ್ಲೇ ಹರಿಯುತ್ತದೆ. ರೌಟರ್‌ಗಳಿಗೆ ಬೇರೆ ವಿಲ್ಯಾನ್ (ಪ್ರತ್ಯೇಕಿಸಿದ ನೆಟ್‌ವರ್ಕ್) ಮಾಡಿ, ಹೊರಗಿನಿಂದ ಬರಲೇಬೇಕಾದರೆ ವಿಪಿಎನ್ ಎಂಬ ಸುರಕ್ಷಿತ ದಾರಿಯ ಮೂಲಕ ಬನ್ನಿ.

ಏಪ್ರಿಲ್-ಮೇ ಗುಡುಗು ಮಳೆ ಬಂದಾಗಲೆಲ್ಲ ಸೀರಿಯಲ್ ಪೋರ್ಟ್ ಸುಡುತ್ತದೆ. ಏನು ಮಾಡಬೇಕು?

ಕಂಟ್ರೋಲ್ ರೂಮ್ ಒಂದು ಯುಪಿಎಸ್‌ನಲ್ಲಿ, ರೌಟರ್ ಇನ್ನೊಂದು ಕಟ್ಟಡದಲ್ಲಿ ಬೇರೆ ಅರ್ತಿಂಗ್‌ನಲ್ಲಿ ಇದೆಯೇ ನೋಡಿ. ಹತ್ತಿರ ಸಿಡಿಲು ಬಡಿದಾಗ ಎರಡು ಅರ್ತ್‌ಗಳ ನಡುವೆ ಭಾರೀ ವೋಲ್ಟೇಜ್ ಏಳುತ್ತದೆ, ಅದಕ್ಕೆ ಸಿಗುವ ದಾರಿ ನಿಮ್ಮ ಸೀರಿಯಲ್ ಕೇಬಲ್‌ನ ಗ್ರೌಂಡ್ ತಂತಿ. ಕಟ್ಟಡದಿಂದ ಕಟ್ಟಡಕ್ಕೆ ಆರ್‌ಎಸ್-232 ಎಳೆಯಲೇಬೇಡಿ. ನಡುವೆ ಆಪ್ಟಿಕಲ್ ಐಸೊಲೇಟರ್ ಹಾಕಿ, ಅದಕ್ಕಿಂತ ಉತ್ತಮ ಎಂದರೆ ಫೈಬರ್ ಎಳೆದು ಎರಡೂ ತುದಿಗೆ ಸೀರಿಯಲ್-ಫೈಬರ್ ಕನ್ವರ್ಟರ್ ಇಡುವುದು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಲೋಹದ ಕವಚ ಅಥವಾ ಲೋಹದ ಎಳೆ ಇಲ್ಲದ ಫೈಬರ್ ಕೇಬಲ್ ಕೇಳಿ ತನ್ನಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಕೇಬಲ್ ಬಿಚ್ಚಿ, ಎರಡೂ ಕಡೆಯ ಗ್ರೌಂಡ್‌ಗಳ ನಡುವೆ ಮೀಟರಿನಲ್ಲಿ ಎಸಿ ವೋಲ್ಟೇಜ್ ಅಳೆಯಿರಿ. ಒಂದೆರಡು ವೋಲ್ಟ್‌ಗಿಂತ ಹೆಚ್ಚು ಕಂಡರೆ ಕೇಬಲ್ ಮರಳಿ ಚುಚ್ಚುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ.